ಹೊಸ್ತಿಲಿಗೆ ಎರಡು ಮಾತು ಬೇಡ



ಗಡಿಭಾಗದ ನಮ್ಮ ಜನ ಮೊದಲಿನಿಂದಲೂ ಎರಡು ಆದಾಯ ನಂಬಿ ಬದುಕಿದವರು. ಒಂದು ಹೊಲ, ಇನ್ನೊಂದು ಅಂಗಡಿ. ಈಗ ಕೆಲವು ವರ್ಷಗಳಿಂದ ಮೂರನೆಯದೊಂದು ಸೇರಿಕೊಂಡಿದೆ. ಅದು ಮನೆಯ ಖೋಲಿ. ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ದರ್ಶನಕ್ಕೆ ಗುರುವಾರ, ಹುಣ್ಣಿಮೆ, ದತ್ತ ಜಯಂತಿ ಎಂದು ಬರುವ ಯಾತ್ರಿಕರಿಗೆ, ಪಂಢರಪುರದಲ್ಲಿ ಆಷಾಢ ಏಕಾದಶಿಗೆ ಬರುವ ವಾರಕರಿಗಳಿಗೆ, ಸೊಲ್ಲಾಪುರದಲ್ಲಿ ಸಂಕ್ರಾಂತಿಯ ಹೊತ್ತಿಗೆ ನಡೆಯುವ ಸಿದ್ಧರಾಮೇಶ್ವರರ ಜಾತ್ರೆಗೆ ಬಂದವರಿಗೆ, ಮನೆಯ ಮೇಲಿನ ಒಂದೋ ಎರಡೋ ಖೋಲಿಗಳನ್ನು ರಾತ್ರಿ ಲೆಕ್ಕದಲ್ಲಿ ಕೊಡುವ ಕುಟುಂಬಗಳು ಬಹಳ ಇವೆ. ವಯನಾಡು, ನೀಲಗಿರಿಯ ಕಡೆಯವರು ಇದನ್ನೇ ಹೋಮ್‌ಸ್ಟೇ ಎನ್ನುತ್ತಾರೆ. ಹೆಸರು ಬೇರೆ, ವ್ಯವಹಾರ ಒಂದೇ.

ಇದರಲ್ಲಿ ಹೀನಾಯವೇನೂ ಇಲ್ಲ. ಮಳೆ ಕೈಕೊಟ್ಟ ವರ್ಷ, ಉಳ್ಳಾಗಡ್ಡಿಗೆ ದರ ಸಿಗದ ವರ್ಷ, ಮಕ್ಕಳ ಕಾಲೇಜಿನ ಫೀ ಕಟ್ಟಲು ಈ ಖೋಲಿಯ ಹಣವೇ ಆಸರೆಯಾದದ್ದುಂಟು. ಆದರೆ ಮಠದ ಕಚೇರಿಗೆ ಬರುವ ಭಕ್ತರು ಇತ್ತೀಚೆಗೆ ಒಂದು ಪ್ರಶ್ನೆಯನ್ನು ನಾನಾ ರೀತಿಯಲ್ಲಿ ಕೇಳುತ್ತಾರೆ. “ಮನೆ ನಮ್ಮದು, ಖೋಲಿ ನಮ್ಮದು. ಇದಕ್ಕೂ ನೋಂದಣಿ ಬೇಕು, ಪೋಲೀಸರಿಗೆ ಹೇಳಬೇಕು, ಲೆಕ್ಕ ಇಡಬೇಕು ಅಂತಾರಲ್ಲ. ನಮ್ಮ ಮನೆಯಲ್ಲಿ ಯಾರು ಮಲಗಿದರೆ ಸರಕಾರಕ್ಕೇನು?” ಈ ಪ್ರಶ್ನೆಗೆ ಕಾಯ್ದೆಯ ಉತ್ತರ ಒಂದುಂಟು, ನೀತಿಯ ಉತ್ತರ ಒಂದುಂಟು. ಎರಡನ್ನೂ ಕೂಡಿಸಿ ವಿಚಾರ ಮಾಡೋಣ.

ಮೊದಲು ಮಾತಿನ ಅರ್ಥ ತಿಳಿದುಕೊಳ್ಳೋಣ. ನೆಂಟರು ಬಂದು ನಾಲ್ಕು ದಿನ ಇದ್ದು ಹೋದರೆ ಯಾವ ಕಾಯ್ದೆಯೂ ನಮ್ಮನ್ನು ಕೇಳುವುದಿಲ್ಲ. ಹೊತ್ತು ಮುಳುಗಿದ ಮೇಲೆ ಬಂದ ಅಪರಿಚಿತ ಯಾತ್ರಿಕನಿಗೆ ಪಡಸಾಲೆಯಲ್ಲಿ ಚಾಪೆ ಹಾಸಿ, ರೊಟ್ಟಿ ಬಡಿಸಿ, ಬೆಳಿಗ್ಗೆ ಕೈಮುಗಿದು ಕಳಿಸಿದರೆ ಅದು ದಾಸೋಹ. ಅಲ್ಲಿ ದರವಿಲ್ಲ, ಪಾವತಿಯಿಲ್ಲ. ಆದರೆ “ಒಂದು ರಾತ್ರಿಗೆ 800 ರೂಪಾಯಿ, ಬಿಸಿನೀರಿಗೆ ಬೇರೆ” ಎಂದು ಹೇಳಿದ ಕ್ಷಣ ಅದು ವ್ಯವಹಾರವಾಯಿತು. ಬಂದವನು ನೆಂಟನಲ್ಲ, ಗಿರಾಕಿ. ವ್ಯವಹಾರವೂ ಕಾಯಕವೇ, ಪ್ರಾಮಾಣಿಕವಾಗಿ ಮಾಡಿದರೆ ಅದಕ್ಕೂ ಗೌರವವಿದೆ. ಅಕ್ಕಲಕೋಟೆಯಲ್ಲೇ ನೋಡಿರಿ. ಅನ್ನಛತ್ರದಲ್ಲಿ ಸಾವಿರಾರು ಜನರಿಗೆ ಹಣವಿಲ್ಲದೆ ಊಟವಾಗುತ್ತದೆ, ಅದೇ ಊರಿನಲ್ಲಿ ಖೋಲಿಗೆ ಹಣ ಪಡೆಯುತ್ತಾರೆ. ಎರಡಕ್ಕೂ ಅವುಗಳ ಜಾಗವಿದೆ. ತೊಂದರೆ ಹುಟ್ಟುವುದು ಒಂದೇ ಹೊಸ್ತಿಲಿನ ಮೇಲೆ ನಿಂತು ನಾವು ಎರಡು ಮಾತು ಆಡಲು ತೊಡಗಿದಾಗ.

ಎರಡು ಮಾತು ಎಂದರೆ ಏನು? ಗಿರಾಕಿ ಬಂದಾಗ “ಇದು ಲಾಜಿನಂತೆಯೇ, ಎಲ್ಲ ಸೌಕರ್ಯವಿದೆ, ಮುಂಗಡ ಹಣ ಕೊಡಿರಿ” ಎನ್ನುತ್ತೇವೆ. ವಿದ್ಯುತ್ ಇಲಾಖೆಯವನು ಮೀಟರ್ ನೋಡಲು ಬಂದಾಗ “ಇದು ಬರೀ ಮನೆ” ಎನ್ನುತ್ತೇವೆ. ನಗರಪರಿಷತ್ತಿನವರು ಕೇಳಿದರೆ “ಬಂದವರು ನಮ್ಮ ಬೀಗರು” ಎನ್ನುತ್ತೇವೆ. ಪಕ್ಕದ ಮನೆಯವರು ನೀರಿನ ಬಗ್ಗೆ ತಕರಾರು ಮಾಡಿದರೆ “ನಮ್ಮ ಮನೆ, ನಮ್ಮ ಇಷ್ಟ” ಎನ್ನುತ್ತೇವೆ. ಹಣ ಬರುವಾಗ ಅಂಗಡಿ, ಹೊಣೆ ಬರುವಾಗ ಮನೆ! ಇದು ಕಾಯ್ದೆಯ ಪ್ರಶ್ನೆಗಿಂತ ಮೊದಲು ಮಾತಿನ ಸತ್ಯದ ಪ್ರಶ್ನೆ.

“ನಮ್ಮ ಗೋಡೆಯೊಳಗೆ ಸರಕಾರಕ್ಕೇನು ಕೆಲಸ” ಎಂಬ ಮಾತಿಗೆ ಬರೋಣ. ಯಾತ್ರಿಕರ ವಸತಿಗೆ ಕಾಯ್ದೆ ಮಾಡಿದ್ದು ಇಂದು ನಿನ್ನೆಯಲ್ಲ. ಬ್ರಿಟಿಷರು 1867ರಲ್ಲಿ ಸರಾಯ್ ಕಾಯ್ದೆ ಎಂಬುದನ್ನು ಮಾಡಿದರು. ಸರಾಯ್ ಎಂದರೆ ದಾರಿಹೋಕರು ತಂಗುವ ಮನೆ. ಅದನ್ನು ನಡೆಸುವವನು ಜಿಲ್ಲಾಧಿಕಾರಿಯ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕಿತ್ತು. ಖೋಲಿ, ಪಡಸಾಲೆ, ಗಟಾರ, ಬಾವಿ ಸ್ವಚ್ಛವಾಗಿಡಬೇಕಿತ್ತು. ಯಾರಿಗಾದರೂ ಅಂಟುರೋಗ ಬಂದರೆ ಹತ್ತಿರದ ಠಾಣೆಗೆ ತಿಳಿಸಬೇಕಿತ್ತು. ಕಳ್ಳರು ಹತ್ತಿ ಒಳಗೆ ಇಳಿಯಲು ಅನುಕೂಲವಾಗುವ ಮರದ ಕೊಂಬೆಗಳನ್ನು ಕಡಿದು ಹಾಕಬೇಕಿತ್ತು. ಕಾವಲುಗಾರರನ್ನು ಇಡಬೇಕಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ದರದ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕಿತ್ತು. ಆ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ, ಮೊಬೈಲ್ ಇರಲಿಲ್ಲ. ಆದರೂ ಈ ಕಾಯ್ದೆ ಬರೆದವರಿಗೆ ಒಂದು ಮಾತು ತಿಳಿದಿತ್ತು. ಅಪರಿಚಿತ ಊರಿನಲ್ಲಿ ಕಣ್ಣು ಮುಚ್ಚಿ ಮಲಗುವ ಮನುಷ್ಯ ತನ್ನ ಜೀವ, ತನ್ನ ಹೆಂಡತಿ ಮಕ್ಕಳು, ತನ್ನ ಗಂಟು ಮೂರನ್ನೂ ಮನೆಯ ಮಾಲೀಕನ ಕೈಗೆ ಒಪ್ಪಿಸಿರುತ್ತಾನೆ. ಹಾಗೆ ಒಪ್ಪಿಸಿಕೊಂಡವನು ಯಾರು, ಎಲ್ಲಿಯವನು ಎಂಬುದು ಯಾರಾದರೊಬ್ಬರಿಗೆ ತಿಳಿದಿರಬೇಕಲ್ಲವೆ?

ನಮ್ಮ ವ್ಯಾಪಾರಿ ಬಂಧುಗಳಿಗೆ ಇದು ಹೊಸದಲ್ಲ. ಅಂಗಡಿಯ ತಕ್ಕಡಿ ನಮ್ಮದೇ, ಕಲ್ಲು ನಮ್ಮದೇ. ಆದರೂ ತೂಕ ಮತ್ತು ಅಳತೆಯ ಇಲಾಖೆಯವರಿಂದ ಅದಕ್ಕೆ ಮುದ್ರೆ ಹಾಕಿಸುತ್ತೇವೆ. ಅದರಿಂದ ನಮಗೆ ಅಪಮಾನವಾಯಿತೆಂದು ಯಾರೂ ತಿಳಿಯುವುದಿಲ್ಲ. ರೈತ ಬಂಧುಗಳೂ ಯೋಚಿಸಲಿ. ಸೊಲ್ಲಾಪುರದ ಮಾರುಕಟ್ಟೆಗೆ ಉಳ್ಳಾಗಡ್ಡಿ ಒಯ್ದಾಗ ಲೈಸೆನ್ಸ್ ಇರುವ ಅಡತ್ಯಾನನ್ನು ಹುಡುಕುತ್ತೇವೆ, ಮಾರಿದ ಮೇಲೆ ಪಟ್ಟಿ ಕೇಳಿ ಪಡೆಯುತ್ತೇವೆ. ಪಟ್ಟಿ ಕೊಡದ ಅಡತ್ಯಾನನ್ನು ಮೋಸಗಾರ ಎನ್ನುತ್ತೇವೆ. ನಮ್ಮ ಮಾಲಿಗೆ ಇನ್ನೊಬ್ಬನಿಂದ ಪಟ್ಟಿ ಕೇಳುವ ನಾವು, ನಮ್ಮ ಖೋಲಿಗೆ ಹಣ ಕೊಟ್ಟವನಿಗೆ ಪಾವತಿ ಬರೆದುಕೊಡಲು ಏಕೆ ಹಿಂಜರಿಯಬೇಕು?

ಖೋಲಿ ಭಾಡಿಗೆಗೆ ಕೊಡುವವನ ಮೇಲೆ ಮೂರು ಋಣಗಳಿವೆ ಎಂದು ನಮಗೆ ತೋರುತ್ತದೆ. ಬಂದವನ ಋಣ, ಪಕ್ಕದ ಮನೆಯವರ ಋಣ, ಊರಿನ ಋಣ.

ಬಂದವನ ಋಣ ಮೊದಲನೆಯದು. ಹೇಳಿದ ದರಕ್ಕೆ ಹೇಳಿದ ಖೋಲಿ ಕೊಡುವುದಷ್ಟೇ ಇದಲ್ಲ. ಅವನು ಬೆಳಿಗ್ಗೆ ಜೀವಂತ ಎದ್ದು ಹೋಗಬೇಕು. ಗಾಳಿ ಆಡದ ಸಣ್ಣ ಬಚ್ಚಲಲ್ಲಿ ಗ್ಯಾಸ್ ಗೀಜರ್ ಇಟ್ಟರೆ ಅದರಿಂದ ಕಾರ್ಬನ್ ಮೋನಾಕ್ಸೈಡ್ ಎಂಬ ವಿಷಗಾಳಿ ತುಂಬಿಕೊಳ್ಳಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಿಂದುಕೊಂಡು ಬರುತ್ತೇನೆಂದು ಹೋದವರು ಹೊರಗೆ ಬಾರದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಮನೆಯವರಿಗೆ ಕಿಟಕಿ ತೆರೆದಿಡುವ ರೂಢಿ ಇರಬಹುದು, ಒಂದು ರಾತ್ರಿಗೆ ಬಂದವನಿಗೆ ಅದು ಹೇಗೆ ಗೊತ್ತಾಗಬೇಕು? ಆದುದರಿಂದ ಗೀಜರ್ ಹೊರಗೋಡೆಗೆ ಇರಲಿ. ಮಾಳಿಗೆಯಿಂದ ಇಳಿಯುವ ಮೆಟ್ಟಿಲಿಗೆ ರಾತ್ರಿ ಬೀಗ ಹಾಕುವುದಾದರೆ ಕೀಲಿ ಅವರ ಕೈಗೂ ಸಿಗುವಂತಿರಲಿ. ಬೆಂಕಿ ಬಿದ್ದರೆ ಅವರು ಯಾವ ಬಾಗಿಲಿಂದ ಹೊರಬರಬೇಕು ಎಂಬುದನ್ನು ಬಂದ ಕೂಡಲೇ ತೋರಿಸಿರಿ. ಪರಿಶೀಲನೆಗೆ ಬರುವ ಅಧಿಕಾರಿ ಕೇಳುವುದೂ ಬಹುತೇಕ ಇದನ್ನೇ. ಅವನು ಕೇಳುವ ಮೊದಲೇ ನಾವು ಕೇಳಿಕೊಂಡರೆ ಅವನ ಭಯ ಏಕೆ?

ಬಂದವನು ಕೊಡುವ ಆಧಾರ್ ಕಾರ್ಡಿನ ಪ್ರತಿಯೂ ಅವನು ನಮ್ಮಲ್ಲಿ ಇಟ್ಟ ನಂಬಿಕೆಯೇ. ಅದನ್ನು ಕಿರಾಣಿ ಕಟ್ಟುವ ಕಾಗದ ಮಾಡಬಾರದು. ಕೊನೆಯ 4 ಅಂಕಿಗಳು ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಸಿಗುತ್ತದೆ. ಅದನ್ನು ಕೊಟ್ಟರೆ ತಕರಾರು ಮಾಡದೆ ತೆಗೆದುಕೊಳ್ಳಿರಿ.

ಎರಡನೆಯದು ಪಕ್ಕದ ಮನೆಯವರ ಋಣ. ಈ ವ್ಯವಹಾರದಲ್ಲಿ ಲಾಭ ನಮಗೆ, ಸೌಕರ್ಯ ಗಿರಾಕಿಗೆ. ಪಕ್ಕದವರಿಗೆ ಬರುವುದು ಗದ್ದಲ, ಬಾಗಿಲಿಗೆ ಅಡ್ಡ ನಿಂತ ಗಾಡಿ ಮತ್ತು ಒಣಗಿದ ನಳ. ನಮ್ಮ ಭಾಗದಲ್ಲಿ ಬೇಸಿಗೆ ಬಂದರೆ ಟ್ಯಾಂಕರ್ ಕಾಯುವ ಊರುಗಳೆಷ್ಟು! ಅಂಥ ಕಡೆ ನಾಲ್ಕು ಜನರ ಮನೆಯಲ್ಲಿ ಹದಿನಾರು ಜನ ಮಿಂದರೆ ಆ ನೀರು ಯಾರ ಪಾಲಿನದು? ಪಕ್ಕದವರು ಈ ವ್ಯವಹಾರಕ್ಕೆ ಸಹಿ ಹಾಕಿಲ್ಲ. ಅವರ ಪರವಾಗಿ ಮಾತಾಡಲು ಇರುವುದು ಊರಿನ ನಿಯಮವೊಂದೇ.

ಈ ತಕರಾರು ನಮ್ಮ ಓಣಿಗಳಲ್ಲಷ್ಟೇ ಇಲ್ಲ, ದೊಡ್ಡ ದೇಶಗಳ ದೊಡ್ಡ ಪಟ್ಟಣಗಳೂ ಇದರಲ್ಲೇ ಸಿಕ್ಕಿಕೊಂಡಿವೆ. ನ್ಯೂಯಾರ್ಕ್ ನಗರದಲ್ಲಿ 2023ರ ಸೆಪ್ಟೆಂಬರ್‌ನಿಂದ, 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವವರು ನಗರದ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಲೇಬೇಕು. ಅತಿಥಿ ಇರುವಾಗ ಮಾಲೀಕನೂ ಅದೇ ಮನೆಯಲ್ಲಿ ಇರಬೇಕು, ಇಬ್ಬರಿಗಿಂತ ಹೆಚ್ಚು ಅತಿಥಿಗಳನ್ನು ಇಟ್ಟುಕೊಳ್ಳಬಾರದು. ಸ್ಪೇನ್ ದೇಶದ ಬಾರ್ಸಿಲೋನಾದ ಮಹಾಪೌರರು, ಪ್ರವಾಸಿಗರಿಗೆ ಕೊಡುವ ಸುಮಾರು 10,000 ಮನೆಗಳ ಪರವಾನಿಗೆಯನ್ನು 2028ರ ನವೆಂಬರ್ ಹೊತ್ತಿಗೆ ಕೊನೆಗಾಣಿಸುವುದಾಗಿ 2024ರಲ್ಲಿ ಪ್ರಕಟಿಸಿದರು. ಕಾರಣವೇನು? ರಾತ್ರಿ ಲೆಕ್ಕದ ಭಾಡಿಗೆ ತಿಂಗಳ ಭಾಡಿಗೆಗಿಂತ ಲಾಭದಾಯಕವಾದಾಗ ಮಾಲೀಕರು ಪ್ರವಾಸಿಗರಿಗೇ ಮನೆ ಕೊಡತೊಡಗುತ್ತಾರೆ, ಊರಿನಲ್ಲಿ ದುಡಿದು ತಿನ್ನುವವನಿಗೆ ಮನೆ ಸಿಗದಂತಾಗುತ್ತದೆ. ನಮ್ಮ ಯಾತ್ರಾಸ್ಥಳಗಳಲ್ಲೂ ಶಿಕ್ಷಕರು, ಆಸ್ಪತ್ರೆಯ ದಾದಿಯರು ಭಾಡಿಗೆ ಮನೆಗೆ ಅಲೆಯುವ ದಿನ ಬಂದರೆ ಅದರಲ್ಲಿ ನಮ್ಮ ಪಾಲೂ ಇರುತ್ತದೆ.

ಮೂರನೆಯದು ಊರಿನ ಋಣ. ಇಲ್ಲಿಯೇ ನೋಂದಣಿ ಪುಸ್ತಕದ ಮಾತು ಬರುತ್ತದೆ. 2024ರ ಜುಲೈ 30ರಂದು ಬೆಳಕು ಹರಿಯುವ ಮುಂಚೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಜರಿದು 250ಕ್ಕೂ ಹೆಚ್ಚು ಜೀವಗಳು ಹೋದವು. ಕಾಣೆಯಾದವರು ಯಾರೆಂದು ತಿಳಿಯಲು ಅಧಿಕಾರಿಗಳು ಪಡಿತರ ಚೀಟಿ, ಮತದಾರರ ಪಟ್ಟಿ ಹಿಡಿದು ಕುಳಿತರು. ಊರಿನವರ ಹೆಸರು ಅಲ್ಲಿ ಸಿಗುತ್ತದೆ. ಆ ಭಾಗ ಪ್ರವಾಸಿಗರು ಬರುವ ಜಾಗ. ಹಿಂದಿನ ದಿನ ಸಂಜೆ ಬಂದು ಒಂದು ರಾತ್ರಿಗೆ ತಂಗಿದವನ ಹೆಸರು ಯಾವ ಪಡಿತರ ಚೀಟಿಯಲ್ಲಿದೆ? ಅದು ಇರುವುದು ಮನೆಯ ಮಾಲೀಕ ಬರೆದಿಟ್ಟ ಪುಸ್ತಕದಲ್ಲಿ ಮಾತ್ರ. ಮಾಲೀಕ ಬರೆಯದಿದ್ದರೆ, ಅಥವಾ ಆ ಪುಸ್ತಕವೂ ಮನೆಯ ಜೊತೆ ಕೊಚ್ಚಿಹೋಗಿ ಠಾಣೆಗೆ ಸುದ್ದಿ ಮುಟ್ಟದೆ ಇದ್ದರೆ, ಆ ಮನುಷ್ಯ ಅಲ್ಲಿಗೆ ಬಂದಿದ್ದನೆಂಬುದೇ ಯಾರಿಗೂ ತಿಳಿಯುವುದಿಲ್ಲ. ಅವನ ತಾಯಿ ಯಾವ ಊರಿಗೆ ಹೋಗಿ ಹುಡುಕಬೇಕು? ಬಂದವನ ಹೆಸರು, ಊರು, ಫೋನ್ ನಂಬರು ಬರೆದುಕೊಳ್ಳುವುದು ಅವನ ಮೇಲಿನ ಸಂಶಯವಲ್ಲ. ಅವನ ಮನೆಯವರಿಗೆ ನಾವು ಸಲ್ಲಿಸುವ ಸೇವೆ.

ಈಗ ಕಾಯ್ದೆಯ ಕೆಲವು ಮುಖ್ಯ ಮಾತುಗಳನ್ನು, ಲೆಕ್ಕದ ಮನುಷ್ಯರಾಗಿ, ಸರಳವಾಗಿ ತಿಳಿಸುತ್ತೇವೆ.

ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಈ ನಿಯಮ ಹಳೆಯದೇ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆಯೂ ಇದನ್ನು ಮುಂದುವರಿಸಿದೆ. ಒಂದೇ ಖೋಲಿ ಇದ್ದರೂ ವಿನಾಯಿತಿ ಇಲ್ಲ. ಅನೇಕ ಜಿಲ್ಲೆಗಳಲ್ಲಿ ಭಾಡಿಗೆದಾರರ ಮಾಹಿತಿಯನ್ನು ಠಾಣೆಗೆ ಕೊಡಬೇಕೆಂಬ ಆದೇಶ ಇರುತ್ತದೆ. ಅದನ್ನು ಮೀರಿದರೆ ಭಾರತೀಯ ನ್ಯಾಯ ಸಂಹಿತೆಯ 223ನೆಯ ಕಲಮಿನ ಪ್ರಕಾರ ಮೊಕದ್ದಮೆ ಆಗಬಹುದು.

ತಿಂಗಳ ಲೆಕ್ಕದಲ್ಲಿ ಲೀವ್ ಅಂಡ್ ಲೈಸೆನ್ಸ್ ಮೇಲೆ ಕೊಡುವುದು ಬೇರೆ ವ್ಯವಹಾರ. ಮಹಾರಾಷ್ಟ್ರದಲ್ಲಿ 1999ರ ಭಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮಿನಂತೆ ಅದಕ್ಕೆ ಲಿಖಿತ ಕರಾರು ಬೇಕು, ಅದನ್ನು ನೋಂದಾಯಿಸುವ ಹೊಣೆ ಮಾಲೀಕನದು.

ಜಿ.ಎಸ್.ಟಿ. ಬಗ್ಗೆ ಭಯ ಹೆಚ್ಚು, ತಿಳಿವಳಿಕೆ ಕಡಿಮೆ. ನಮ್ಮ ಭಾಗದ ರಾಜ್ಯಗಳಲ್ಲಿ ಇಂಥ ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ಮೀರದಿದ್ದರೆ ಸಾಮಾನ್ಯವಾಗಿ ನೋಂದಣಿ ಬೇಕಿಲ್ಲ. 800 ರೂಪಾಯಿಯ ನಾಲ್ಕು ಖೋಲಿಗಳು ವರ್ಷದ 365 ದಿನವೂ ತುಂಬಿದವೆಂದು ಇಟ್ಟುಕೊಳ್ಳಿರಿ. ಆದರೂ ಮೊಬಲಗು 11,68,000 ರೂಪಾಯಿ. ಆದರೆ ವ್ಯಾಪಾರಿ ಬಂಧುಗಳು ಒಂದು ಮಾತು ಗಮನಿಸಬೇಕು. ಅಂಗಡಿಯ ವಹಿವಾಟು ಮತ್ತು ಖೋಲಿಯ ಭಾಡಿಗೆ ಎರಡೂ ಒಂದೇ ಪ್ಯಾನ್ ಕಾರ್ಡಿನ ಮೇಲಿದ್ದರೆ ಲೆಕ್ಕದಲ್ಲಿ ಕೂಡುತ್ತವೆ. ಅಂಗಡಿಗೆ ಈಗಾಗಲೇ ನೋಂದಣಿ ಇದ್ದವರ ಖೋಲಿಗೂ ತೆರಿಗೆ ಬೀಳುತ್ತದೆ. ದಿನಕ್ಕೆ 7,500 ರೂಪಾಯಿವರೆಗಿನ ಖೋಲಿಗೆ 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 5. ನೋಂದಣಿಯ ಅಗತ್ಯವಿಲ್ಲದ ಸಣ್ಣ ಮಾಲೀಕರು ಇಂಟರ್‌ನೆಟ್ ಬುಕಿಂಗ್ ಕಂಪನಿಯ ಮೂಲಕ ಖೋಲಿ ಕೊಟ್ಟರೆ ಆ ತೆರಿಗೆ ಕಟ್ಟುವ ಹೊಣೆ ಕಂಪನಿಯದು. ಇನ್ನು ಹೊಲದ ನಡುವೆ ಖೋಲಿ ಕಟ್ಟಿ ಪ್ರವಾಸಿಗರಿಗೆ ಕೊಟ್ಟ ಹಣ ಬೇಸಾಯದ ಆದಾಯವಲ್ಲ. ಆದಾಯ ತೆರಿಗೆಯ ಲೆಕ್ಕದಲ್ಲಿ ಅದನ್ನು ಬೇರೆಯಾಗಿ ತೋರಿಸಬೇಕು.

ಕೇಂದ್ರ ಸರಕಾರದ ಪ್ರವಾಸೋದ್ಯಮ ಸಚಿವಾಲಯಕ್ಕೆ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಎಂಬ ಯೋಜನೆಯಿದೆ. ಮಾಲೀಕನ ಕುಟುಂಬ ಅದೇ ಮನೆಯಲ್ಲಿ ವಾಸವಿದ್ದು, 1ರಿಂದ 6 ಖೋಲಿಗಳನ್ನು ಕೊಡುವವರಿಗೆ ಅದರಲ್ಲಿ ಮಾನ್ಯತೆ ಸಿಗುತ್ತದೆ. ಕೇರಳದಲ್ಲಿ ಹೋಮ್‌ಸ್ಟೇಗಳನ್ನು ಡೈಮಂಡ್, ಗೋಲ್ಡ್, ಸಿಲ್ವರ್ ಎಂದು ವಿಂಗಡಿಸುತ್ತಾರೆ. ಮಹಾರಾಷ್ಟ್ರ ಸರಕಾರ 2020ರಲ್ಲಿ ಕೃಷಿ ಪ್ರವಾಸೋದ್ಯಮದ ನೀತಿಯನ್ನು ಪ್ರಕಟಿಸಿ ರೈತರಿಗೆ ನೋಂದಣಿಯ ದಾರಿ ಮಾಡಿತು. ರಾಜ್ಯ ಬದಲಾದರೆ ನಿಯಮ ಬದಲಾಗುತ್ತದೆ. ಆದುದರಿಂದ ಗಡಿಯ ಆಚೆ ಇರುವ ಬೀಗರು ಹೇಳಿದ್ದನ್ನೇ ನಂಬದೆ, ನಿಮ್ಮ ಊರಿನ ನಗರಪರಿಷತ್ತು ಅಥವಾ ಗ್ರಾಮ ಪಂಚಾಯತಿಯಲ್ಲಿ ಕೇಳಿ ತಿಳಿದುಕೊಳ್ಳಿರಿ.

ಇಷ್ಟು ಓದಿದ ಮೇಲೆ ಕೆಲವರು ಹೇಳಬಹುದು: “ಅರ್ಜಿ ಹಾಕಿದವನಿಗೇ ಕಾಟ. ಸುಮ್ಮನೆ ಮುಚ್ಚಿಕೊಂಡು ಮಾಡುವವನೇ ಸುಖವಾಗಿದ್ದಾನೆ.” ಈ ಮಾತಿನಲ್ಲಿ ನಿಜವಿಲ್ಲ ಎನ್ನಲಾರೆವು. ಗಂಡನಿಲ್ಲದ ತಾಯಿ ಒಂದು ಖೋಲಿ ಕೊಟ್ಟು ಸಂಸಾರ ತೂಗಿಸುತ್ತಿರುತ್ತಾಳೆ. ಅವಳಿಗೂ 40 ಖೋಲಿಯ ಲಾಜಿಗೂ ಒಂದೇ ನಮೂನೆಯ ಕಾಗದ ಕೇಳಿದರೆ ಅದು ನ್ಯಾಯವಲ್ಲ. ಆನೆಯ ಹೊರೆಯನ್ನು ಕುರಿಯ ಬೆನ್ನಿಗೆ ಹೊರಿಸುವ ಕಾಯ್ದೆಯನ್ನು ತಿದ್ದಬೇಕೆಂದು ಕೇಳುವ ಹಕ್ಕು ನಮಗಿದೆ. ಕೇಳಬೇಕು ಕೂಡ. ಆದರೆ ಕೇಳುವವನು ಬೆಳಕಿನಲ್ಲಿ ನಿಂತಿರಬೇಕು. ಮುಚ್ಚಿಟ್ಟು ವ್ಯವಹಾರ ಮಾಡುವವನು ಯಾವ ಬಾಯಿಂದ ನ್ಯಾಯ ಕೇಳಿಯಾನು? ಅಷ್ಟೇ ಅಲ್ಲ, ಮುಚ್ಚಿಟ್ಟವನ ಕಿಸೆಗೆ ಕೈ ಹಾಕುವುದು ಬಹಳ ಸುಲಭ. ಪರವಾನಿಗೆಯ ಫೀ ಪಾವತಿಯ ಮೇಲೆ ಒಮ್ಮೆ ಹೋಗುತ್ತದೆ, ಲಂಚ ಪ್ರತಿ ಹಬ್ಬಕ್ಕೂ ಬಾಗಿಲು ತಟ್ಟುತ್ತದೆ. ಒಂದೇ ಓಣಿಯ ಹತ್ತು ಮನೆಯವರು ಕೂಡಿ, ಕಾಗದ ಸರಿಮಾಡಿಕೊಂಡು, ಒಟ್ಟಾಗಿ ಕಚೇರಿಗೆ ಹೋದರೆ ಕಾಟ ಕೊಡುವವನ ಧೈರ್ಯವೂ ಕುಗ್ಗುತ್ತದೆ.

ಕೊನೆಯದಾಗಿ ಒಂದು ಮಾತು. ಇದನ್ನು ಹೇಳಲು ಸಂಕೋಚವಾದರೂ ಹೇಳದಿದ್ದರೆ ಕರ್ತವ್ಯಲೋಪವಾದೀತು. ಖೋಲಿ ಕೇಳಿ ಬಂದವನ ಅಡ್ಡಹೆಸರು ಕೇಳಿ, ಅವನ ಕುಲ ಯಾವುದೆಂದು ಅಂದಾಜು ಮಾಡಿ, “ಖೋಲಿ ಖಾಲಿ ಇಲ್ಲ” ಎನ್ನುವವರು ಇದ್ದಾರೆ. ಕೇಳಿದರೆ “ಮನೆಯಲ್ಲಿ ಪೂಜೆ ಇದೆ, ಇದು ಮನೆ, ಲಾಜಲ್ಲ” ಎಂಬ ಉತ್ತರ. ಸಂವಿಧಾನದ 15ನೆಯ ವಿಧಿ ಹೋಟೆಲುಗಳಲ್ಲಿ ಜಾತಿ, ಧರ್ಮದ ಮೇಲೆ ಯಾರನ್ನೂ ತಡೆಯಬಾರದೆಂದು ಹೇಳುತ್ತದೆ. ಅಸ್ಪೃಶ್ಯತೆಯ ಕಾರಣಕ್ಕೆ ವಸತಿಗೃಹದ ಬಾಗಿಲು ಮುಚ್ಚುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಹಾಗಿರಲಿ. ಕುಲ ಕೇಳಬಾರದೆಂದು ಕಲಿಸಿದ ಬಸವಣ್ಣನವರ ಹೆಸರನ್ನು ಬಾಗಿಲ ಮೇಲೆ ಬರೆಸಿಕೊಂಡು, ಅದೇ ಬಾಗಿಲಲ್ಲಿ ನಿಂತು ಕುಲ ಕೇಳುವುದೆಂದರೆ? ಹಣದ ಮಟ್ಟಿಗೆ ಲಾಜು, ಮನುಷ್ಯರ ಮಟ್ಟಿಗೆ ಮನೆ! ಎರಡು ಮಾತಿನಲ್ಲಿ ಇದಕ್ಕಿಂತ ಕೆಟ್ಟದ್ದು ನಮಗೆ ಕಾಣದು.

ಆದುದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ಖೋಲಿ ಕೊಡುವುದಾದರೆ ಕೊಡುತ್ತೇವೆ ಎಂದು ಎಲ್ಲರ ಮುಂದೆ ಹೇಳಿರಿ: ಬಂದವನ ಮುಂದೆ, ಪಕ್ಕದವರ ಮುಂದೆ, ಕಚೇರಿಯ ಮುಂದೆ. ದರದ ಪಟ್ಟಿ ಗೋಡೆಯ ಮೇಲಿರಲಿ, ಹೆಸರಿನ ಪುಸ್ತಕ ಮೇಜಿನ ಮೇಲಿರಲಿ, ಕಿರ್ದಿಯಲ್ಲಿ ಖೋಲಿಗೆ ಒಂದು ಬೇರೆ ಖಾತೆ ಇರಲಿ. ಹಣವಿಲ್ಲದ ಯಾತ್ರಿಕ ಬಂದ ರಾತ್ರಿ ನಿಮ್ಮ ಪಡಸಾಲೆಯಲ್ಲಿ ಒಂದು ಚಾಪೆಯೂ ಇರಲಿ. ಅದಕ್ಕೆ ಭಾಡಿಗೆ ಹಚ್ಚಬೇಡಿರಿ. ಆದರೆ ಅವನ ಹೆಸರನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿರಿ, ಅವನಿಗೂ ಮನೆಯಲ್ಲಿ ಕಾಯುವವರಿರುತ್ತಾರೆ.

ನೋಂದಣಿಯ ಅರ್ಜಿ ತುಂಬಲು, ಪುಸ್ತಕಕ್ಕೆ ಗೆರೆ ಹಾಕಿಕೊಳ್ಳಲು ತಿಳಿಯದವರು ಮಠದ ಕಚೇರಿಗೆ ಬಂದರೆ ನಮಗೆ ತಿಳಿದಷ್ಟು ಸಹಾಯ ಮಾಡುತ್ತೇವೆ. ಬರುವಾಗ ಮನೆಯ ಉತಾರೆ ಮತ್ತು ಕರದ ಪಾವತಿಯ ಪ್ರತಿಗಳನ್ನು ತಪ್ಪದೆ ತರಬೇಕು.



ಕಾರ್ಯದರ್ಶಿ